ಕಾಲುವೆಯಾಚೆಯ ಕೋಚ್

ಗುರಪ್ಪ ಸರ್, ನಿಮ್ಮನ್ನು ಅರಿಯೆ ಎಂದವಳು ನಾನೇ. ಆಮ್‌ಸ್ಟರ್‌ಡ್ಯಾಮಿನ ನಮ್ಮ ವಿದ್ಯಾರ್ಥಿನಿಯರ ಫುಟ್‌ಬಾಲ್ ತಂಡಕ್ಕೆ ಸಲಹೆಗಾರರಾಗಿ ಬರಲು ನಿಮಗೆ ಮನಸ್ಸಿದೆ ಎಂದು ನಿಮ್ಮ ಮಗಳು ಪತ್ರ ಬರೆದಾಗ, ‘ಇವರು ನಿನಗೆ ಗೊತ್ತಾ?’ ಎಂದು ತಂಡದ ಸಮಿತಿಯವರು ಕೇಳಿದ್ದು ನನ್ನನ್ನು. ನಾನು ಡಚ್ಚಿನಲ್ಲಿ ನಾಲ್ಕೇ ಪದ ಹೇಳಿದೆ – ಇಕ್ ಕೆನ್ ಹೆಮ್ ನೀಟ್. ನನಗೆ ಅವರು ಗೊತ್ತಿಲ್ಲ. ಆ ಹೊತ್ತಿಗೆ ಎರಡು ತಿಂಗಳಿಂದ ನೀವು ನನ್ನ ಕಿವಿಯಲ್ಲಿ ಮಾತಾಡುತ್ತಿದ್ದಿರಿ. ಹಿಂದಿನ ವಾರವಷ್ಟೇ ನಿಮ್ಮ ಮನೆಯ ಬಾಗಿಲಲ್ಲಿ ನಿಂತು ನಿಮ್ಮ ಹೆಂಡತಿಯ ಕೈಯಿಂದ ಚಿತ್ರಾನ್ನದ ಡಬ್ಬಿ ತೆಗೆದುಕೊಂಡು ಬಂದಿದ್ದೆ.

ಇದನ್ನು ನಿಮ್ಮೊಬ್ಬರಿಗೇ ಬರೆದು ಲಕೋಟೆಗೆ ಹಾಕಬಹುದಿತ್ತು. ಆದರೆ ತಪ್ಪು ನಾಲ್ಕು ಜನರ ಮುಂದೆ ನಡೆದದ್ದು, ಒಪ್ಪಿಕೊಳ್ಳುವುದೂ ನಾಲ್ಕು ಜನರ ಮುಂದೆಯೇ ಆಗಲಿ. ನಿಮ್ಮನ್ನು ಕಂಡಿಲ್ಲದವರೂ ಓದುತ್ತಾರೆ, ಅವರಿಗಾಗಿ ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ – ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ವಿಷಯ ಹೇಳುವುದೆಂದರೆ ನನಗೆ ಜಂಬ. ಆ ಜಂಬವನ್ನು ಆಗ ಬಚ್ಚಿಟ್ಟೆ, ಈಗಲಾದರೂ ಬಿಚ್ಚಿ ತೋರಿಸುತ್ತೇನೆ.

ನೀವು ಬೆಂಗಳೂರಿನ ಆಸ್ಟಿನ್ ಟೌನಿನ ಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು. ಕಾರ್ಖಾನೆಯೊಂದರ ತಂಡದ ಸೆಂಟರ್ ಹಾಫ್, ರಾಜ್ಯ ತಂಡದ ನಾಯಕ, ಭಾರತದ ಜೆರ್ಸಿ ತೊಟ್ಟವರು. ಒಂದು ಕಾಲದಲ್ಲಿ ನೀವು ಬಸ್ಸು ಹತ್ತಿದರೆ ಕಂಡಕ್ಟರ್ ನಿಮ್ಮಿಂದ ದುಡ್ಡು ಮುಟ್ಟುತ್ತಿರಲಿಲ್ಲವಂತೆ. ಮಗಳು ಶರ್ಮಿಳಾಳ ಬಾಣಂತನಕ್ಕೆಂದು ಗಂಡ–ಹೆಂಡತಿ ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್ ಬಡಾವಣೆಗೆ ಬಂದಿರಿ, ಕೊರೊನಾ ಬಂದು ವಿಮಾನಗಳು ನಿಂತವು, ಆಮೇಲೆ ನಿಮ್ಮ ಎದೆಯ ಕಾಯಿಲೆಗೆ ಹೆದರಿ ಮಗಳು ಪ್ರಯಾಣವನ್ನು ಮುಂದೂಡುತ್ತಲೇ ಹೋದಳು. ಅಮ್ಮನವರು ಮೊಮ್ಮಗನನ್ನು ಹಿಡಿದುಕೊಂಡರು, ನೀವು ಆರನೇ ಮಹಡಿಯ ಕಿಟಕಿಯನ್ನು ಹಿಡಿದುಕೊಂಡಿರಿ. ಆ ಕಿಟಕಿಯ ಕೆಳಗೆ ಒಂದು ಕಾಲುವೆ, ಕಾಲುವೆಯ ಇನ್ನೊಂದು ದಡದಲ್ಲಿ ನಮ್ಮ ಮೈದಾನ.

ನಾನು ತಿಪಟೂರಿನ ಸ್ಮಿತಾ. ಓದಿಗೆ ಬಂದವಳು – ನದಿಯ ನೆರೆಯ ಬಗ್ಗೆ ಸಂಶೋಧನೆ. ಕೊರೊನಾದಲ್ಲಿ ವಿಶ್ವವಿದ್ಯಾಲಯ ಬೀಗ ಹಾಕಿತು, ನಾನು ಮಂಚ–ಮೇಜು ಒಂದಕ್ಕೊಂದು ತಾಗುವ ಕೋಣೆಯೊಳಗೆ ಉಳಿದೆ. ಕೊನೆಗೆ ಇಪ್ಪತ್ತೇಳು ತುಂಬದವರು ಬಯಲಿನಲ್ಲಿ ಗುಂಪಾಗಿ ಆಟದ ಅಭ್ಯಾಸ ಮಾಡಬಹುದು ಎಂದು ಸರ್ಕಾರ ಹೇಳಿತು. ನನಗೆ ಇಪ್ಪತ್ತಾರು. ಮನುಷ್ಯರ ಮುಖ ನೋಡಲು ಅದೊಂದೇ ದಾರಿ ಎಂದು ಫುಟ್‌ಬಾಲ್ ತಂಡ ಸೇರಿದೆ. ಹುಟ್ಟಿದಾಗಿನಿಂದ ಥ್ರೋಬಾಲ್ ಬಿಟ್ಟು ಬೇರೇನೂ ಆಡಿದವಳಲ್ಲ. ಫುಟ್‌ಬಾಲಿನಲ್ಲಿ ಕೈ ಬಳಸಬಹುದಾದ ಜಾಗ ಒಂದೇ, ಆದ್ದರಿಂದ ಗೋಲ್ ಕೀಪರ್ ಆದೆ. ಅದೂ ಎರಡನೆಯ ಕೀಪರ್. ಮೊದಲನೆಯವಳಿಗೆ ನೆಗಡಿಯಾದರೆ ಮಾತ್ರ ನಾನು.

ನಮ್ಮ ಮೊದಲ ಮಾತುಕತೆ ನೆನಪಿದೆಯೇ ಸರ್? ಮೂರನೇ ಗೋಲು ಬಿಟ್ಟ ಮೇಲೆ ನಾನು ಚೆಂಡನ್ನು ಒದ್ದು ಕನ್ನಡದಲ್ಲಿ ಬೈದುಕೊಂಡೆ – ಏನು ಬೈದೆನೆಂದು ಇಲ್ಲಿ ಬರೆಯಲಾರೆ. ಕಾಲುವೆಯ ಆಚೆ, ಸೈಕಲ್ ದಾರಿಯ ಪಕ್ಕ, ಅಳಿಯನ ದೊಡ್ಡ ಜಾಕೆಟ್ಟು, ಮಂಕಿ ಕ್ಯಾಪು ಹಾಕಿಕೊಂಡಿದ್ದ ಮುದುಕರೊಬ್ಬರು ಗಟ್ಟಿಯಾಗಿ ನಕ್ಕರು.

“ಬಾಲ್ ಮೇಲ್ ಯಾಕಮ್ಮ ಕೋಪ? ಗೋಲ್ ಲೈನ್‌ಗೆ ಯಾಕ್ ಅಂಟ್ಕೊಂಡಿದ್ಯ? ಎರಡ್ ಹೆಜ್ಜೆ ಮುಂದೆ ಬಾ, ಆಮೇಲ್ ನೋಡು.”

ಎರಡು ಹೆಜ್ಜೆ ಮುಂದೆ ಬಂದೆ. ಮುಂದಿನ ಚೆಂಡು ಕೈಗೆ ಸಿಕ್ಕಿತು. ಆ ಸಂತೋಷವನ್ನು ಹೇಗೆ ಹೇಳಲಿ – ಪಿಎಚ್‌ಡಿಗೆ ಸೀಟು ಸಿಕ್ಕ ದಿನವೂ ಅಷ್ಟು ಕುಣಿದಿರಲಿಲ್ಲ.

ನಮಗೆ ಆಗ ಕೋಚ್ ಇರಲಿಲ್ಲ. ಇದ್ದವನು ಜರ್ಮನಿಯ ಗಡಿಯ ಹತ್ತಿರ ಅಪ್ಪ–ಅಮ್ಮನ ಮನೆಗೆ ಹೋಗಿ ಕೂತಿದ್ದ. ನಾಯಕಿ ಮರೀಕೆ ಎಲ್ಲರನ್ನೂ ಒಂದು ಸುತ್ತು ಓಡಿಸುತ್ತಿದ್ದಳು, ಅಷ್ಟೇ ಅಭ್ಯಾಸ. ಕಾಲುವೆಯಾಚೆಯಿಂದಲೇ ನನ್ನ ನಂಬರ್ ಕೇಳಿಕೊಂಡು ನೀವು ಫೋನ್ ಮಾಡತೊಡಗಿದಿರಿ. ನಾನು ಟೋಪಿಯೊಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಲಿನ ಹಿಂದೆ ನಿಲ್ಲುತ್ತಿದ್ದೆ. ನೀವು ಆಚೆ ದಡದಲ್ಲಿ. ಕಿವಿಯಲ್ಲಿ ಏನು ಎಂದು ಹುಡುಗಿಯರು ಕೇಳಿದರೆ ‘ನಮ್ಮಮ್ಮ’ ಎನ್ನುತ್ತಿದ್ದೆ. ಇಂಡಿಯಾದ ಅಮ್ಮಂದಿರು ಹಾಗೆಯೇ ಇರುತ್ತಾರೆಂದು ಅವರು ಸುಮ್ಮನಾಗುತ್ತಿದ್ದರು.

ನಿಮ್ಮ ಕಣ್ಣು ಎಂಥದ್ದು ಸರ್! ನಾನು ಚೆಂಡು ನೋಡುತ್ತಿದ್ದೆ, ನೀವು ಚೆಂಡು ಬಿಟ್ಟು ಉಳಿದದ್ದೆಲ್ಲ ನೋಡುತ್ತಿದ್ದಿರಿ. ಇಪ್ಪತ್ತು ನಿಮಿಷ ಒಬ್ಬಳ ಕಾಲನ್ನೇ ನೋಡುತ್ತಿದ್ದಿರಿ, ಆಮೇಲೆ ಒಂದೇ ಮಾತು.

“ಆ ಯೆಲ್ಲೋ ಕೂದ್ಲು ಹುಡ್ಗಿ ಇದಾಳಲ್ಲ, ಬಾಲ್ ಬರೋಕ್ ಮುಂಚೆ ಒಂದ್ ಸಲಾನೂ ಹಿಂದೆ ತಿರುಗಿ ನೋಡಲ್ಲ.”

“ಸರ್, ಎಲ್ರದ್ದೂ ಯೆಲ್ಲೋನೇ.”

“ಹಂಗಾದ್ರೆ ಎಲ್ರಿಗೂ ಹೇಳು. ಯಾರೂ ನೋಡ್ತಿಲ್ಲ.”

ಆಸ್ಟಿನ್ ಟೌನಿನಲ್ಲಿ ನಿಮ್ಮ ಗುರುಗಳು ಕಲಿಸಿದ ಪಾಠವೊಂದನ್ನು ಹೇಳಿಕೊಟ್ಟಿರಿ. ಆಡುವವಳ ಬೆನ್ನ ಹಿಂದೆ ಇನ್ನೊಬ್ಬಳು ಬಣ್ಣದ ಬಟ್ಟೆಯೊಂದನ್ನು ಎತ್ತಿ ಹಿಡಿಯಬೇಕು, ಚೆಂಡು ಕಾಲಿಗೆ ತಾಗುವ ಮುಂಚೆ ಇವಳು ತಿರುಗಿ ನೋಡಿ ಬಣ್ಣ ಕೂಗಬೇಕು. ತಪ್ಪಿದರೆ ಚೆಂಡು ಎದುರಾಳಿಗೆ. ಎರಡೇ ವಾರ – ಬೈಟನ್‌ವೆಲ್ಡರ್ಟಿನ ಆ ಬಯಲೆಲ್ಲ ಕಿತ್ತಳೆ, ನೀಲಿ, ಹಸಿರು ಎಂಬ ಕೂಗು. ನಾಯಿ ಅಡ್ಡಾಡಿಸಲು ಬಂದವರು ನಿಂತು ನೋಡುತ್ತಿದ್ದರು. ನಮ್ಮ ಹುಡುಗಿಯರು ಕುತ್ತಿಗೆಗೆ ಕೀಲೆಣ್ಣೆ ಹಚ್ಚಿದಂತೆ ತಿರುಗತೊಡಗಿದರು. ಆಟವೇ ಬೇರೆಯಾಯಿತು. ನನಗೆ ಎದೆ ಉಬ್ಬುತ್ತಿತ್ತು. ನಮ್ಮೂರಿನ ಕಡೆಯ ಬುದ್ಧಿ, ನಮ್ಮ ಭಾಷೆಯಲ್ಲಿ ಬಂದದ್ದು, ಈ ಆರಡಿ ಹುಡುಗಿಯರನ್ನು ತಿರುಗಿಸುತ್ತಿದೆಯಲ್ಲ ಎಂದು. ಆದರೆ ಆ ಉಬ್ಬಿದ ಎದೆಯೊಳಗೆ –

ಮೊದಲ ಸುಳ್ಳು ಆ ಬಟ್ಟೆಯ ದಿನವೇ. ಇಲ್ಲಿ ಹನ್ನೊಂದು ಜನಕ್ಕೆ ಓಡಿ ಎಂದರೆ ಹನ್ನೆರಡು ಜನ ಯಾಕೆ ಎನ್ನುತ್ತಾರೆ. ಕಾರಣ ತಿಳಿಯದೆ ಯಾರೂ ಕಾಲೆತ್ತುವುದಿಲ್ಲ. ಇದು ನಿನಗೆ ಎಲ್ಲಿಂದ ಹೊಳೆಯಿತು ಎಂದು ಮರೀಕೆ ಕೇಳಿದಳು. ನೀವು ಐವತ್ತು ಹೆಜ್ಜೆ ದೂರದಲ್ಲಿ ಕಣ್ಣಿಗೆ ಕಾಣುವಂತೆ ನಿಂತಿದ್ದಿರಿ, ನಾನು ಕೈ ತೋರಿಸಿದ್ದರೆ ಸಾಕಿತ್ತು. ಬದಲಿಗೆ, ನಮ್ಮ ಆಟದ ವಿಡಿಯೊಗಳನ್ನು ನೋಡಿ ಲೆಕ್ಕ ಹಾಕಿದೆ ಎಂದೆ. ತಂಡದಲ್ಲಿ ಎಲ್ಲರೊಂದಿಗೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವಳು ಆ ಮಾತನ್ನು ನನ್ನ ಹರಕು ಡಚ್ಚಿನಲ್ಲಿ ಹೇಳಿದೆ. ನಿಮ್ಮ ಫೋನು ಕಿವಿಯಲ್ಲೇ ಇತ್ತು. ನಿಮಗೆ ಇಂಗ್ಲಿಷ್ ಬರುತ್ತಿತ್ತು, ಡಚ್ ಬರುತ್ತಿರಲಿಲ್ಲ. ಅದು ಆಕಸ್ಮಿಕವಲ್ಲ ಸರ್.

ಅವತ್ತಿನಿಂದ ನಿಮ್ಮ ಪ್ರತಿ ಮಾತಿಗೂ ನಾನು ಒಂದೊಂದು ಗ್ರಾಫಿನ ಅಂಗಿ ಹೊಲಿದೆ. ನೀವು ಸಂಜೆ ಹೇಳಿದ್ದಕ್ಕೆ ಮರುದಿನ ಬೆಳಿಗ್ಗೆ ಬಣ್ಣಬಣ್ಣದ ಗೆರೆ ಎಳೆದು ತಂಡದ ಗುಂಪಿಗೆ ಕಳುಹಿಸುತ್ತಿದ್ದೆ. ಮೊದಲು ತೀರ್ಮಾನ ಬರೆದು ಆಮೇಲೆ ಅಂಕಿ ತುಂಬುವುದು ನಮ್ಮ ವಿದ್ಯೆಯಲ್ಲಿ ಮಹಾಪಾಪ. ಅದನ್ನೇ ಮಾಡಿದೆ. ಹುಡುಗಿಯರು ನನ್ನನ್ನು ಪ್ರೊಫೆಸರ್ ಎಂದು ಕರೆಯತೊಡಗಿದರು. ಎರಡನೆಯ ಕೀಪರಿಗೆ ಹುಟ್ಟುಹಬ್ಬದ ಕೇಕು ಬಂತು, ಪಾರ್ಕಿನ ನಡಿಗೆಗೆ ಕರೆ ಬಂತು. ತಿಂಗಳುಗಟ್ಟಲೆ ಯಾರೂ ಬಾಗಿಲು ತಟ್ಟದ ಕೋಣೆಯಿಂದ ಬಂದವಳಿಗೆ ಅದು ಸಕ್ಕರೆ. ಇದನ್ನು ಕಾರಣವಾಗಿ ಹೇಳುತ್ತಿಲ್ಲ. ಆಗ ನನ್ನ ಬಾಯಲ್ಲಿ ಏನಿತ್ತು ಎಂದು ಹೇಳುತ್ತಿದ್ದೇನೆ, ಅಷ್ಟೇ.

ನಿಮಗೂ ಸುಳ್ಳು ಹೇಳುತ್ತಿದ್ದೆ. ಮನೆಗೆ ನಡೆಯುತ್ತ ನೀವು ಕೇಳುತ್ತಿದ್ದಿರಿ – “ನನ್ ವಿಷ್ಯ ಹೇಳ್ದೇನಮ್ಮ ಅವ್ರಿಗೆ?”

“ಹೇಳ್ದೆ ಸರ್. ಥ್ಯಾಂಕ್ಸ್ ಹೇಳಿ ಅಂದ್ರು.”

“ಒಳಗಡೆ ಬಂದು ಒಂದ್ ಸಲ ಮಾತಾಡ್ಸಬೋದಾ?”

“ರೂಲ್ಸ್ ಸರ್. ನೋಡೋಕ್ ಬಂದವ್ರನ್ನ ಒಳಗೆ ಬಿಡಲ್ಲ.”

ಅದು ನಿಜ. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಆದರೆ ಕೋಚುಗಳಿಗೆ ಇತ್ತು, ಅವರಿಗೆ ವಯಸ್ಸಿನ ಮಿತಿಯೂ ಇರಲಿಲ್ಲ. ನಾನು ನಿಮ್ಮ ಹೆಸರನ್ನು ಒಂದು ಸಾಲು ಬರೆದುಕೊಟ್ಟಿದ್ದರೆ ನೀವು ಸೇತುವೆ ದಾಟಿ ಬರಬಹುದಿತ್ತು. ಅದು ನನಗೆ ಮೊದಲ ವಾರದಿಂದಲೂ ಗೊತ್ತಿತ್ತು.

ಇನ್ನೊಂದು ಸಂಗತಿ ಹೇಳಲೇಬೇಕು. ನಮ್ಮನಮ್ಮಲ್ಲೇ ಎರಡು ಭಾಗ ಮಾಡಿಕೊಂಡು ಆಡಿದ ಶನಿವಾರದ ಆಟದಲ್ಲಿ ಇಲ್ಸ ಎಂಬ ಹುಡುಗಿ ಕೊನೆಯ ಪೆನಾಲ್ಟಿಯನ್ನು ಆಕಾಶಕ್ಕೆ ಒದ್ದಳು. ಸಣ್ಣ ವಿಷಯ, ಆದರೆ ಆ ದಿನಗಳಲ್ಲಿ ಎಲ್ಲರ ಕಣ್ಣೀರೂ ರೆಪ್ಪೆಯ ತುದಿಯಲ್ಲೇ ಇರುತ್ತಿತ್ತು. ಅವಳು ಹುಲ್ಲಿನ ಮೇಲೆ ಕುಕ್ಕರಿಸಿ ಅತ್ತಳು. ಹುಡುಗಿಯರು ಸುತ್ತ ನಿಂತು ತಿಳಿಹೇಳತೊಡಗಿದರು. ನೀವು ಕಿವಿಯಲ್ಲಿ ಹೇಳಿದಿರಿ – “ಏನೂ ಮಾತಾಡ್ಬೇಡಿ. ಅವಳ ಬ್ಯಾಗ್ ತಗೊಂಡು ಮನೆ ತಂಕ ನಡ್ಕೊಂಡು ಹೋಗಿ. ನಾನು ಫೈನಲ್ಲಲ್ಲಿ ಪೆನಾಲ್ಟಿ ಮಿಸ್ ಮಾಡ್ದಾಗ ನಮ್ ಕ್ಯಾಪ್ಟನ್ ನನ್ ಬ್ಯಾಗ್ ಹೊತ್ಕೊಂಡು ರೂಮ್ ತಂಕ ಬಂದ್ರು. ಒಂದ್ ಮಾತಾಡ್ಲಿಲ್ಲ. ನಲ್ವತ್ ವರ್ಷ ಆಯ್ತು, ಇನ್ನೂ ಮರ್ತಿಲ್ಲ.”

ನಾನು ಇಲ್ಸಳ ಬ್ಯಾಗು ಎತ್ತಿ ಹೆಗಲಿಗೆ ಹಾಕಿಕೊಂಡೆ. ಮಿಕ್ಕವರಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿದೆ. ಎಲ್ಲರೂ ಒಂದೂವರೆ ಮೀಟರ್ ಅಂತರ ಬಿಟ್ಟು ಅವಳ ಹಿಂದೆ ಅವಳ ಮನೆಯವರೆಗೂ ನಡೆದೆವು, ಸೈಕಲ್‌ಗಳನ್ನು ತಳ್ಳುತ್ತ. ಮರುದಿನ ಮರೀಕೆ ಕೇಳಿದಳು – ಇದೂ ನಿನ್ನ ಲೆಕ್ಕದಲ್ಲಿ ಇತ್ತಾ? ನಾನು ನಕ್ಕೆ. ನಿಮ್ಮ ಸೋಲನ್ನೂ ನಾನು ನನ್ನದು ಮಾಡಿಕೊಂಡೆ ಸರ್. ಬೇರೆಲ್ಲದಕ್ಕಿಂತ ಇದು ನನ್ನನ್ನು ಹೆಚ್ಚು ಚುಚ್ಚುತ್ತದೆ.

ಮೇ ತಿಂಗಳಲ್ಲಿ ಶರ್ಮಿಳಾ ಪತ್ರ ಬರೆದಳು. ಅಪ್ಪ ಇಷ್ಟು ಹಚ್ಚಿಕೊಂಡಿದ್ದಾರೆ, ತಂಡಕ್ಕೂ ಅವರೆಂದರೆ ಇಷ್ಟವಂತೆ ಎಂದು ನನ್ನ ಸುಳ್ಳನ್ನೇ ನಂಬಿ ಬರೆದ ಪತ್ರ. ನಿಮ್ಮ ಆಟದ ವಿವರ, ಹಳೆಯ ಫೋಟೊ. ಸಂಬಳ ಬೇಡ, ಮೈದಾನದ ಗೆರೆಯ ಪಕ್ಕ ನಿಲ್ಲಲು ಅವಕಾಶ ಸಾಕು, ಜುಲೈಯಲ್ಲಿ ಊರಿಗೆ ಹೊರಡುತ್ತಾರೆ, ಅಷ್ಟರೊಳಗೆ ಒಂದು ಸಲವಾದರೂ. ಸಮಿತಿಯ ಸಭೆ ಕಂಪ್ಯೂಟರಿನ ಚೌಕಗಳಲ್ಲಿ ನಡೆಯಿತು. ಭಾರತದವಳೆಂದು ನನ್ನನ್ನೂ ಕರೆದರು. ವಿದ್ಯಾರ್ಥಿಗಳ ತಂಡಕ್ಕೆ ನಿವೃತ್ತ ತಾರೆಯೊಬ್ಬರಿಂದ ಏನು ಉಪಯೋಗ, ಹೆಸರಿಗಷ್ಟೇ ಅಲ್ಲವೇ ಎಂದು ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಇಡೀ ದೇಶದಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಕತ್ತು ತಿರುಗಿಸುವ ಹುಡುಗಿಯರನ್ನು ತೋರಿಸಬಹುದಿತ್ತು, ಇಲ್ಸಳ ಬ್ಯಾಗಿನ ಕಥೆ ಹೇಳಬಹುದಿತ್ತು. ತುಂಬಿದ ಮೈದಾನದಲ್ಲಿ ಗೆದ್ದವನಿಗೆ, ಸೋತವನಿಗೆ ಮಾತ್ರ ಕಾಣುವಂಥದ್ದು ಆಟದಲ್ಲಿ ಇರುತ್ತದೆ ಎನ್ನಬಹುದಿತ್ತು. ಮರೀಕೆ ನನ್ನ ಹೆಸರು ಹಿಡಿದು, ಇವರು ನಿನಗೆ ಗೊತ್ತಾ ಎಂದಳು. ಪರದೆಯ ಮೇಲೆ ನಿಮ್ಮ ಫೋಟೊ – ಇಪ್ಪತ್ತೈದರ ಪ್ರಾಯ, ಸೊಂಟದ ಮೇಲೆ ಕೈ, ಎದೆಯ ಮೇಲೆ ದೊಡ್ಡದಾಗಿ ದೇಶದ ಹೆಸರು.

ಇಕ್ ಕೆನ್ ಹೆಮ್ ನೀಟ್. ಅಲ್ಲಿಗೆ ನಿಲ್ಲಿಸಲಿಲ್ಲ. ಅದೆಲ್ಲ ಹಳೆಯ ಕಾಲದ ಆಟ, ನಮ್ಮ ಹತ್ತಿರ ಲೆಕ್ಕಗಳಿವೆಯಲ್ಲ ಎಂದೂ ಸೇರಿಸಿದೆ. ಎರಡು ನಿಮಿಷದಲ್ಲಿ ಮುಂದಿನ ವಿಷಯಕ್ಕೆ ಹೋದರು.

ಮೂರು ದಿನದ ಮೇಲೆ ನಿಮ್ಮ ಫೋನು ಬಂತು. “ಲೆಟರ್ ಬಂತಮ್ಮ. ಚೆನ್ನಾಗೇ ಬರ್ದಿದಾರೆ, ಮರ್ಯಾದೆಯಾಗಿ. ನನ್ ಹೆಸರು ಅವ್ರಲ್ಲಿ ಯಾರಿಗೂ ಗೊತ್ತಿಲ್ವಂತೆ.” ಆಮೇಲೆ ಫೋನಿನಲ್ಲಿ ಸೈಕಲ್‌ಗಳ ಗಂಟೆ ಕೇಳುತ್ತಿತ್ತು. ಈಗ ಕೇಳುತ್ತೀರಿ, ಈಗ ಕೇಳುತ್ತೀರಿ ಎಂದು ಕಾದೆ. ಇಷ್ಟು ದಿನ ಯಾರು ಥ್ಯಾಂಕ್ಸ್ ಹೇಳಿದ್ದು ಎಂದು ನೀವು ಒಂದೇ ಒಂದು ಮಾತು ಕೇಳಿದ್ದರೆ ನಾನು ಅಲ್ಲೇ ಎಲ್ಲ ಒಪ್ಪಿಕೊಳ್ಳುತ್ತಿದ್ದೆ. ನೀವು ಕೇಳಲಿಲ್ಲ. “ನಾಳೆ ಪ್ರಾಕ್ಟೀಸ್ ಎಷ್ಟೊತ್ಗೆ?” ಎಂದಿರಿ.

ಮರುದಿನ ಮಳೆ. ನೀವು ಕೊಡೆ ಹಿಡಿದು ಅದೇ ಜಾಗದಲ್ಲಿ ನಿಂತಿದ್ದಿರಿ. ಇಲ್ಸಳನ್ನು ಹಿಂಬದಿಯಿಂದ ಮುಂದಕ್ಕೆ ಹಾಕು, ಅವಳ ಸಿಟ್ಟು ಕೆಲಸಕ್ಕೆ ಬರುವ ಜಾಗ ಅದೇ ಎಂದಿರಿ. ನನ್ನ ಮೇಲಿನ ಸಿಟ್ಟನ್ನು ಆ ಹುಡುಗಿಯರ ಆಟಕ್ಕೆ ತಾಗಲು ಬಿಡಲಿಲ್ಲ. ತಾರೆ ಎಂದರೆ ಯಾರು ಎಂದು ನನಗೆ ಯಾರಾದರೂ ಕೇಳಿದರೆ ಆ ಮಳೆಯ ದಿನವನ್ನು ಹೇಳುತ್ತೇನೆ.

ಜೂನ್ ತಿಂಗಳಲ್ಲಿ ಬೇರೆ ಊರಿನ ತಂಡದೊಂದಿಗೆ ಮೊದಲ ಪಂದ್ಯ. ಇನ್ನೂ ಪ್ರೇಕ್ಷಕರಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಇಲ್ಸ ಚೆಂಡು ಬರುವ ಮುಂಚೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ, ನೀವೂ ಕಂಡಿರಿ. ಒಂದೇ ಸ್ಪರ್ಶದಲ್ಲಿ ತಿರುಗಿ ಗೋಲು ಹೊಡೆದಳು. ಗೆದ್ದೆವು. ಮರೀಕೆ ಓಡಿ ಬಂದು ನನ್ನ ಕೈ ಹಿಡಿದು ಮೇಲೆತ್ತಿದಳು, ಎಲ್ಲರೂ ಪ್ರೊಫೆಸರ್, ಪ್ರೊಫೆಸರ್ ಎಂದು ಕೂಗಿದರು. ಕಾಲುವೆಯ ಆಚೆ ನೀವು ಎರಡೂ ಕೈ ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದಿರಿ. ಮೈದಾನದಲ್ಲಿ ಯಾರೂ ಆ ಕಡೆ ನೋಡಲಿಲ್ಲ. ನಾನು ನೋಡಿದೆ, ನೋಡಿ ತಲೆ ಬೇರೆ ಕಡೆ ತಿರುಗಿಸಿದೆ.

ನೀವು ಊರಿಗೆ ಹೋದಿರಿ. ನನಗೆ ಓದು ಮುಗಿದ ಮೇಲೆ ನ್ಯೂವೆಗೈನ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತು. ಕ್ರೀಡಾ ತಂಡಗಳಿಗೆ ಲೆಕ್ಕ ಹಾಕಿಕೊಡುವ ಕಂಪನಿ. ಸಂದರ್ಶನದಲ್ಲಿ ತೋರಿಸಿದ್ದು ಅದೇ ಗ್ರಾಫುಗಳನ್ನು. ಪ್ರತಿ ಯುಗಾದಿಗೂ ನಿಮ್ಮ ಸಂದೇಶ ಬರುತ್ತಿತ್ತು – ಹುಡುಗೀರು ಹೇಗಿದ್ದಾರೆ? ನಾನು ಒಂದು ಹೂವಿನ ಚಿತ್ರ ಕಳುಹಿಸುತ್ತಿದ್ದೆ.

ಕಳೆದ ತಿಂಗಳು ಹಳೆಯ ತಂಡದವರೆಲ್ಲ ಸೇರಿದರು. ಆ ವರ್ಷದ ಗುಟ್ಟು ಏನು ಎಂದು ಹೊಸ ಹುಡುಗಿಯರಿಗೆ ಹೇಳಲು ನನ್ನನ್ನು ಕರೆದಿದ್ದರು. ಮೈದಾನದ ಕ್ಯಾಂಟೀನಿನಲ್ಲಿ ಎದ್ದು ನಿಂತೆ, ತಂದಿದ್ದ ಗ್ರಾಫುಗಳನ್ನು ತೆರೆಯಲಿಲ್ಲ. ಎಲ್ಲ ಹೇಳಿದೆ – ಕಿವಿಯಲ್ಲಿದ್ದದ್ದು ಅಮ್ಮನಲ್ಲ ಎಂಬುದರಿಂದ ಹಿಡಿದು ಆ ನಾಲ್ಕು ಪದದವರೆಗೆ. ಮೊದಲ ಸಲ ನಿಮ್ಮ ಹೆಸರು, ನಿಮ್ಮ ತಂಡ, ನಿಮ್ಮ ಊರಿನ ಮೈದಾನದ ಹೆಸರು ಗಟ್ಟಿಯಾಗಿ ಹೇಳಿದೆ. ಹೇಳುವಾಗ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು, ಅದಕ್ಕೂ ಈಗ ನಾಚಿಕೆಯಾಗುತ್ತಿದೆ. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಮರೀಕೆ ಕಿಟಕಿಯ ಹತ್ತಿರ ಹೋಗಿ ಕಾಲುವೆಯ ಆಚೆ ನೋಡಿದಳು.

“ಅಲ್ಲೇ ನಿಂತಿದ್ದರಾ? ಪ್ರತಿ ದಿನ?” ಎಂದಳು. ಆಮೇಲೆ, “ನಾವು ಒಂದು ಸಲ ಕೈ ಬೀಸಬಹುದಿತ್ತಲ್ಲ” ಎಂದಳು.

ಅಷ್ಟು ವರ್ಷ ನಾನು ನಿಮ್ಮಿಂದ ಮಾತ್ರ ಕದ್ದೆ ಎಂದುಕೊಂಡಿದ್ದೆ. ಅವರಿಂದಲೂ ಕದ್ದಿದ್ದೆ. ಅವರಿಗೊಬ್ಬ ಕೋಚ್ ಇದ್ದರು, ಅವರಿಗದು ಗೊತ್ತಿರಲಿಲ್ಲ. ಇಲ್ಸ ಎದ್ದು ಹೊರಗೆ ಹೋದಳು. ಅವಳು ಇವತ್ತಿನವರೆಗೂ ನನ್ನೊಂದಿಗೆ ಮಾತಾಡಿಲ್ಲ, ಮಾತಾಡಬೇಕಾಗಿಯೂ ಇಲ್ಲ. ಕಂಪನಿಯಲ್ಲೂ ಹೇಳಿದ್ದೇನೆ. ಅವರು ಏನು ತೀರ್ಮಾನ ಮಾಡಿದರೂ ಸರಿ.

ಈ ಭಾನುವಾರ ನಿಮ್ಮ ಸಂಜೆಗೆ ಅವರೆಲ್ಲ ಸೇರಿ ನಿಮಗೆ ಕರೆ ಮಾಡುತ್ತಾರೆ. ಇಲ್ಸಳೂ ಇರುತ್ತಾಳೆ, ಅವಳೇ ಎಲ್ಲರನ್ನೂ ಸೇರಿಸುತ್ತಿರುವುದು. ನಾನು ಮಾಡಿದ್ದನ್ನು ನೀವು ಅವರ ಬಾಯಿಂದ ಕೇಳಬಾರದು, ಅದಕ್ಕೇ ಇದನ್ನು ಮೊದಲು ಬರೆದೆ. ನಾನು ಆ ಕರೆಯಲ್ಲಿ ಇರುವುದಿಲ್ಲ. ಮಾತು ತಿಳಿಸಿಕೊಡಲು ಶರ್ಮಿಳಾ ಇರುತ್ತಾಳೆ, ನಿಮ್ಮ ನಡುವೆ ನಾನು ಇನ್ನು ನಿಲ್ಲುವುದಿಲ್ಲ. ಕ್ಷಮಿಸಿ ಎಂದು ಕೇಳಲೂ ಇಲ್ಲ – ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನಿಮ್ಮನ್ನು ನಾನು ಬಲ್ಲೆ.

ಹುಡುಗಿಯರು ನಿಮ್ಮ ಹೆಸರನ್ನು ಅಭ್ಯಾಸ ಮಾಡುತ್ತಿದ್ದಾರೆ. ಇವರ ನಾಲಗೆಯಲ್ಲಿ ನಮ್ಮ ‘ಗ’ ಗಂಟಲಿನಿಂದ ಕ್ಯಾಕರಿಸಿದಂತೆ ಬರುತ್ತದೆ, ಎಷ್ಟು ತಿದ್ದಿದರೂ ಖುರಪ್ಪ, ಖುರಪ್ಪ ಎನ್ನುತ್ತಾರೆ. ಹದಿನೆಂಟು ಜನ ಒಟ್ಟಿಗೆ ಹಾಗೆ ಕೂಗಿದರೆ ಬೇರೆ ಯಾರನ್ನೋ ಎಂದುಕೊಳ್ಳಬೇಡಿ. ಓಗೊಡಿ ಸರ್. ನಿಮ್ಮನ್ನೇ ಕರೆಯುತ್ತಿರುವುದು.